ಫ್ರೀಜರ್‌ನ್ಯಾಗಿನ ಚಿಗರಿ

ಮಲ್ಲಪ್ಪನವರು ಇಲಿ ಕಂಡ್ರ ಕುರ್ಚಿ ಹತ್ತತಾರ. ಇದನ್ನ ಮೊದಲ ಹೇಳಿಬಿಡತೀನಿ. ಮುಂದ ಅವ್ರ ಬ್ಯಾಟಿ ಕತಿ ಬರತೈತಿ, ಆವಾಗ ಇದು ನಿಮ್ಮ ನೆನಪಿನ್ಯಾಗ ಇರಬೇಕು. ಲಂಡನ್ನಿನ ವೆಂಬ್ಲಿಯೊಳಗ ಅವ್ರ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಒಂದ ಸಲ ಅವ್ರ ಅಡಗಿಮನ್ಯಾಗ ಇಲಿ ಬಂದಿತ್ತು. ಅವ್ರು ಒದರಿದ್ದು ಕೇಳಿ ನಾ ಕಸಬರಿಗಿ ಹಿಡಕೊಂಡ ಓಡಿ ಹೋದೆ. ಹೋಗಿ ನೋಡಿದ್ರ, ಅವ್ರ ಹೆಂಡತಿ ರತ್ನಾಬಾಯಿ ನೆಲದ ಮ್ಯಾಲ ಬಗ್ಗಿ ಇಲಿ ಹುಡಕಾಕತ್ತಾಳ, ಇವ್ರು ಕುರ್ಚಿ ಮ್ಯಾಲ ನಿಂತು "ಎಡಕ್ಕ ನೋಡ, ಎಡಕ್ಕ" ಅಂತ ದಾರಿ ತೋರಸಾಕತ್ತಾರ. ಇಂಥಾ ಶೂರರು.

ಊರು ವಿಜಾಪುರ. ಅವ್ರ ಅಪ್ಪಂದು ಬಜಾರದಾಗ ಅರಿವಿ ಅಂಗಡಿ ಇತ್ತು. ಲಿಂಗಾಯತರ ಮನಿ, ತತ್ತಿ ಸೈತ ಹೊಸ್ತಿಲ ದಾಟಿದ್ದಿಲ್ಲ. ಅಂಥಾ ಮನುಷ್ಯಾ ತೊಂಬತ್ತರ ಸುಮಾರಿಗೆ ಲಂಡನ್ನಿಗೆ ಬಂದು, ಪಾರ್ಕ್ ರಾಯಲ್ಲಿನ ಒಂದ ಫ್ಯಾಕ್ಟರಿಯೊಳಗ ಸ್ಯಾಂಡ್‌ವಿಚ್ಚಿಗೆ ಸೌತಿಕಾಯಿ ಇಡೂ ಕೆಲಸಕ್ಕ ಸೇರಿದ್ರು. ತಲಿಗೆ ಬಲಿ ಟೊಪಗಿ, ಕೈಗೆ ನೀಲಿ ಗ್ಲೌಸು. ಬೆಲ್ಟಿನ ಮ್ಯಾಲ ಬ್ರೆಡ್ಡು ಬರತಿತ್ತು, ಇವ್ರು ಸೌತಿಕಾಯಿ ಇಡತಿದ್ರು. ದುಡದು ತಿನ್ನೂದು ತಪ್ಪಲ್ಲ ಬಿಡ್ರಿ. ನಮ್ಮ ಮನಿಯವರೂ ಅದ ಬೆಲ್ಟಿನ ಮುಂದ ನಿಂತು ಟೊಮೆಟೊ ಇಡತಿದ್ರು. ಆದ್ರ ನಮ್ಮವರು ಒಂದ ದಿವಸಾನೂ ತಮ್ಮ ಅಜ್ಜ ದೊಡ್ಡ ಬಿಲ್ಲುಗಾರ ಆಗಿದ್ದ ಅಂತ ಹೇಳಲಿಲ್ಲ.

ಮಲ್ಲಪ್ಪನವರು ಹೇಳತಿದ್ರು. ನಾಕ ಮಂದಿ ಕನ್ನಡದವರು ಎಲ್ಲೆ ಕೂಡಿದ್ರೂ ಸಾಕು, ಅಜ್ಜ ಬರತಿದ್ದ, ಅಜ್ಜನ ಬಿಲ್ಲು ಬರತಿತ್ತು, ಸುರಿಯೂ ಮಳಿ ಬರತಿತ್ತು, ಕಡೀಕ ಚಿಗರಿ ಬರತಿತ್ತು. ಜಿಂಕಿಗೆ ನಮ್ಮ ಕಡೆ ಚಿಗರಿ ಅಂತಾರ. ವಿಜಾಪುರದ ಸೀಮಿಯೊಳಗ ಅಷ್ಟ ಮಳಿ ಎಂದ ಸುರೀತು ಅಂತ ಯಾರೂ ಕೇಳಲಿಲ್ಲ. ಅಜ್ಜ ಜೀವನಪೂರ್ತಿ ಅಂಗಡಿಯೊಳಗ ಗಜಕಡ್ಡಿ ಹಿಡಕೊಂಡ ಅರಿವಿ ಅಳದಾನ ಅನ್ನೂದು ರತ್ನಾಬಾಯಿಗೆ ಚಂದಂಗ ಗೊತ್ತಿತ್ತು. ಆಕಿ ಸುಮ್ನ ಚಾ ಸೋಸತಿದ್ಲು.

ಈಗ ರತ್ನಾಬಾಯಿ ಸುದ್ದಿ. ಯಾಕಂದ್ರ ಈ ಕತಿಯೊಳಗ ಕಳಕೊಳ್ಳೂದು ಏನರ ಇದ್ದದ್ದು ಆಕಿಗೆ. ಬಂದ ಹೊಸದಾಗಿ ಆಕಿ ಹೀಥ್ರೋ ಹಂತ್ಯಾಕ ಆಫೀಸಿನ ಸಂಡಾಸ ತೊಳಿಯೂ ಕೆಲಸಾ ಮಾಡಿದ್ಲು. ನಸುಕಿನ್ಯಾಗ ಎದ್ದು ಬಸ್ಸು ಬದಲಿಸಿ ಹೋಗೂದು, ಮೊಣಕಾಲ ಊರಿ ತಿಕ್ಕೂದು, ಮಗನ ವಯಸ್ಸಿನ ಸೂಪರ್‌ವೈಸರ್ ಬಂದು ಬೆರಳಿಲೆ ಒರಸಿ ನೋಡಿ ಮೂಗ ಮುರಿಯೂದು. ಅಂಥಾದ್ರಾಗೂ ರಜಾ ದಿವಸ ನಾಕ ಮನಿಗೆ ಜ್ವಾಳದ ರೊಟ್ಟಿ ಬಡದು ಕೊಡತಿದ್ಲು. ಆಕಿ ಕೈನ ಹಂಗಿತ್ತು. ಹಾಳಿ ಹಂಗ ತೆಳ್ಳಗಿನ ರೊಟ್ಟಿ, ಅಂಚು ಒಡೀತಿರಲಿಲ್ಲ. ನಾಕ ಮನಿ ಅಂದದ್ದು ಬರಬರತ ಹ್ಯಾರೋದಿಂದ ಹೇಸ್ ತನಕ ಹಬ್ಬಿತು. ರೊಟ್ಟಿ ಜೋಡಿ ಶೇಂಗಾ ಚಟ್ನಿ, ಎಣ್ಣಿಗಾಯಿ, ಹಬ್ಬಕ್ಕ ಹೋಳಿಗಿ. ಕಡೀಕ ಆಕಿ ತೊಳಿಯೂ ಕೆಲಸಾ ಬಿಟ್ಲು. ಬಿಟ್ಟ ದಿವಸ ಆ ಕೆಲಸದ ಹಳದಿ ಏಪ್ರನ್ ತಂದು ನನಗ ತೋರಿಸಿ, "ಸುವರ್ಣಾ, ಇನ್ನ ಮ್ಯಾಲ ನಾ ಯಾರ ನೆಲಕ್ಕೂ ಮೊಣಕಾಲ ಊರಾಕಿ ಅಲ್ಲ" ಅಂದ್ಲು. ಆವತ್ತ ಆಕಿ ಮುಖಾ ನೋಡಿ ನನಗ ಎಷ್ಟ ಖುಷಿ ಆತು ಅಂತೀರಿ! ಅಲ್ಲಿಂದ ಪ್ರತಿ ಶನಿವಾರ ನಾನೂ ಹೋಗಿ ಆಕಿ ಮಗ್ಗಲಕ ನಿಂತು ರೊಟ್ಟಿ ಬಡೀತಿದ್ದೆ.

ಗಿರಾಕಿ ಬರತಿದ್ದದ್ದು ಬರೇ ರುಚಿಗಲ್ಲ. ಆ ಅಡಗಿಮನ್ಯಾಗ ತತ್ತಿ ಬರಂಗಿಲ್ಲ, ಮಾಂಸ ಬರಂಗಿಲ್ಲ, ಅಂಥಾ ಭಾಂಡೆನೂ ಬರಂಗಿಲ್ಲ ಅನ್ನೂ ನಂಬಿಗಿಗೆ. ಗಿರಾಕಿಯೊಳಗ ದೊಡ್ಡವರು ಚಂದ್ರವ್ವ. ಬೆಳಗಾವಿ ಕಡೆಯವರು, ಕೆಂಟನ್ನಿನ್ಯಾಗ ಮನಿ, ಮಕ್ಕಳೆಲ್ಲಾ ಡಾಕ್ಟರು. ಬಿಸ್ಕೀಟಿನ ಪುಡಿಕಿ ಮ್ಯಾಲಿನ ಸಣ್ಣ ಅಕ್ಷರಾ ಓದಾಕ ಅಂತ ಪರ್ಸಿನ್ಯಾಗ ಒಂದ ಭೂತಗನ್ನಡಿ ಇಟಗೊಂಡ ಅಡ್ಡಾಡತಿದ್ರು. ಯಾವ ಬಿಸ್ಕೀಟಿನ್ಯಾಗ ದನದ ಕೊಬ್ಬೈತಿ, ಯಾವುದರಾಗ ಇಲ್ಲ ಅನ್ನೂದನ್ನ ಇಡೀ ಕನ್ನಡ ಮಂದಿ ಅವ್ರನ್ನ ಕೇಳಿ ತಿಳಕೊಳ್ಳೂದು. ಚಂದ್ರವ್ವ ತಿಂದ್ರ ಎಲ್ಲಾರೂ ತಿಂತಿದ್ರು, ಚಂದ್ರವ್ವ ಬಿಟ್ರ ಎಲ್ಲಾರೂ ಬಿಡತಿದ್ರು. ಬಸವ ಜಯಂತಿಗೆ ಹಾಲ್ ಹಿಡದು ದೊಡ್ಡ ಊಟಾ ಮಾಡತಿದ್ರಲ್ಲ, ಅದರ ರೊಟ್ಟಿ ಹೋಳಿಗಿ ಪ್ರತಿ ವರ್ಷ ರತ್ನಾಬಾಯಿವ ಅಂತ ಠರಾಯಿಸಿದವರೂ ಅವ್ರ.

ಎರಡ ಸಾವಿರದ ಎರಡನೇ ಇಸ್ವಿ ಇರಬೇಕು. ಫ್ಯಾಕ್ಟರಿಯೊಳಗ ಮಷಿನ್ ರಿಪೇರಿ ಮಾಡೂ ಕೆನ್ ಅನ್ನೂ ಇಂಗ್ಲೀಷರಂವ ಮಲ್ಲಪ್ಪನವರ ಅಜ್ಜನ ಕತಿ ಕೇಳಿ ಖರೇ ಅಂತ ತಿಳಕೊಂಡ. ಪಾಪ, ಅವಗೇನ ಗೊತ್ತು. ಅವನದು ಹೇರ್‌ಫೀಲ್ಡ್ ಕಡೆ ಅಡವ್ಯಾಗ ಒಂದ ಬಿಲ್ಲಿನ ಕ್ಲಬ್ ಇತ್ತು. ಅಲ್ಲೆ ಗಿಡದ ಸಂದ್ಯಾಗ ರಬ್ಬರಿನಂಥಾ ಗಟ್ಟಿ ಸ್ಪಂಜಿನ ಪ್ರಾಣಿ ಮಾಡಿ ನಿಂದರಿಸಿರತಾರ. ಕಾಡಹಂದಿ, ಕರಡಿ, ತ್ವಾಳ, ಚಿಗರಿ. ಮಂದಿ ಅಡವಿತುಂಬ ಅಡ್ಡಾಡಿಕೋತ ಅವಕ್ಕ ಬಾಣಾ ಹೊಡೀತಾರ. ಜೀವ ಇರೂ ಚಿಗರಿಗೆ ಬಾಣಾ ಬಿಟ್ರ ಈ ದೇಶದಾಗ ಪೊಲೀಸರು ಹಿಡಕೊಂಡ ಹೋಗತಾರ ಅಂತ ಕೆನ್ ಮೊದಲ ದಿವಸನ ಹೇಳಿದ್ದ. ನಮ್ಮ ಮಂದ್ಯಾಗ ಒಬ್ಬರರ ಒಬ್ಬ ಇಂಗ್ಲೀಷರಂವನ್ನ ಕೇಳಿದ್ರೂ ಇದು ಗೊತ್ತಾಗತಿತ್ತು. ಯಾರ ಕೇಳತಾರ?

ಆವತ್ತ ರವಿವಾರ, ಮುಂಜಾನಿಂದ ಜಿಟಿಜಿಟಿ ಮಳಿ. ನಮ್ಮವರು ಕಾರ್ ತಗೊಂಡ ಜೋಡಿ ಹೋದ್ರು, ಛತ್ರಿ ಹಿಡಿಯಾಕ. ಮುಂದಿಂದೆಲ್ಲಾ ನಾ ನಮ್ಮವರ ಬಾಯಿಂದ ಕೇಳಿದ್ದು. ಮಲ್ಲಪ್ಪನವರ ಮೊದಲನೇ ಬಾಣಾ ತುರಚಿ ಗಿಡದಾಗ ಹೋತು. ಎರಡನೇದೂ ಅಲ್ಲೇ ಹೋತು. ಬಾಣಾ ಹೊಡದದ್ದಕ್ಕಿಂತ ಬಾಣಾ ಆರಿಸಿದ್ದ ಹೆಚ್ಚು. ಕೈಯೆಲ್ಲಾ ತುರಚಿ ಬಡದು ಕೆಂಪಾಗಿ, ಕನ್ನಡಕದ ಮ್ಯಾಲ ನೀರು, ಬೂಟಿನ್ಯಾಗ ನೀರು. ರಬ್ಬರ್ ಕರಡಿ ಮುಂದ ನಿಂತಾಗ ಬಾಣಾ ಜಾರಿ ತಮ್ಮ ಕಾಲ ಹಂತ್ಯಾಕನ ಬಿತ್ತು. ಕಡೀಕ ಉಳದದ್ದು ಚಿಗರಿ, ಜರಿಗಿಡದ ನಡುವ ನಿಂತಿತ್ತು. ಇವ್ರು ಬಿಲ್ಲು ಎಳದು ಹಿಡದ್ರು. ಅಷ್ಟೊತ್ತಿಗೆ ರಾಡ್ಯಾಗ ಕಾಲ ಜಾರಿತು, ಬೀಳಬೀಳತ ಬಾಣಾ ಬಿಟ್ರು, ಅದು ಹೋಗಿ ಚಿಗರಿ ಕುಂಡಿಗೆ ನಟ್ಟಿತು. ಕೆನ್ ಚಪ್ಪಾಳಿ ಹೊಡದ. ನಮ್ಮವರು ಛತ್ರಿ ಒಗದು, ಕ್ಯಾಮೆರಾ ತಗದು, ದೂರಿಂದ ಒಂದ ಫೋಟೋ ಹೊಡದ್ರು.

ಆ ಫೋಟೋ ನೋಡಬೇಕಿತ್ತು ನೀವು. ಮಳಿಯ ಮಬ್ಬು, ಜರಿಗಿಡದಾಗ ಚಿಗರಿ, ಅದಕ್ಕ ನಟ್ಟ ಬಾಣಾ, ಮಗ್ಗಲಕ ಬಿಲ್ಲು ಹಿಡಕೊಂಡ ಎದಿ ಸೆಟಿಸಿದ ಮಲ್ಲಪ್ಪನವರು. ರಬ್ಬರ್ ಅಂತ ಯಾರಪ್ಪನ ಕಡೆಯಿಂದನೂ ಹೇಳಾಕ ಆಗತಿರಲಿಲ್ಲ. ದೊಡ್ಡದು ಮಾಡಿಸಿ, ಕಟ್ಟ ಹಾಕಿಸಿ, ಟಿವಿ ಮ್ಯಾಲ ಇಟ್ರು. ಮಗಳು ಅಂಕಿತಾ ನೋಡಿ, "ಡ್ಯಾಡ್, ಇಟ್ಸ್ ಫೋಮ್" ಅಂದ್ಲು. "ನಿನಗ ಬ್ಯಾಟಿ ಸುದ್ದಿ ಏನ ತಿಳೀತೈತಿ, ಓದಕೋ ಹೋಗ" ಅಂತ ಬೈಸಿಕೊಂಡ್ಲು.

ದೀಪಾವಳಿಗೆ ವೆಂಬ್ಲಿ ಹಾಲಿನ್ಯಾಗ ಕನ್ನಡ ಮಂದಿ ಕೂಡಿದ್ರು. ಊಟದ ಹೊತ್ತಿಗೆ ಮಲ್ಲಪ್ಪನವರು ಎದ್ದ ನಿಂತ್ರು. ಫೋಟೋ ಕೈಯಿಂದ ಕೈಗೆ ಹೊಂಟಿತು. ಈ ಸಲ ಅಜ್ಜ ಇಲ್ಲ, ಸ್ವಂತ ಬ್ಯಾಟಿ.

"ಮಳಿ ಅಂದ್ರ ಎಂಥಾ ಮಳಿ! ಮುಂದಿನ ಕೈ ಕಾಣವಲ್ದು. ಚಿಗರಿ ನನ್ನ ನೋಡಿತು, ನಾ ಚಿಗರಿ ನೋಡಿದೆ. ಗಾಳಿ ಎಡಗಡೆಯಿಂದ. ಉಸರ ಬಿಗಿ ಹಿಡದೆ, ಅಜ್ಜನ್ನ ನೆನಸಿಕೊಂಡೆ, ಬಿಟ್ಟೆ!"

"ಭಲೇ ಮಲ್ಲಪ್ಪಾ!" ಅಂದ್ರು ಗಂಡಸರು. ನಮ್ಮವರು ಹಿಂದಿನ ಸಾಲಿನ್ಯಾಗ ಕುಂತು ಹೌದೌದು ಅಂತ ಗೋಣ ಹಾಕಿದ್ರು. ಮನಿಗೆ ಬಂದಮ್ಯಾಲ ನಾ ಜಾಡಿಸಿದೆ. "ದೋಸ್ತಿ ಇರತೈತಿ, ನಿನಗ ತಿಳಿಯಂಗಿಲ್ಲ" ಅಂದ್ರು. ಹೌದಪಾ, ಛತ್ರಿ ಹಿಡಿಯೂ ದೋಸ್ತಿ.

ಅಲ್ಲಿಗೆ ಮುಗದಿದ್ರ ಯಾರದೂ ಏನೂ ಹೋಗತಿರಲಿಲ್ಲ. ಆದ್ರ ಕುಂದಾಪುರದ ಸಂಪತ್ ಅಂತ ಇದ್ದ, ಹೊಟೆಲಿನ್ಯಾಗ ಅಡಗಿಯಂವ, ಮೀನು ಮಾಂಸ ತಿನ್ನೂ ಪೈಕಿ. ಅಂವ ಮುಂದ ಬಂದು ಭಾಳ ಆಸೆಲೆ ಕೇಳಿದ: "ಮಲ್ಲಪ್ಪಣ್ಣ, ಮಾಂಸ ಎಂತ ಮಾಡಿದ್ರಿ?"

ಇದಕ್ಕ ಮಲ್ಲಪ್ಪನವರು ತಯಾರಾಗಿ ಬಂದಿರಲಿಲ್ಲ. ಗಾಳಿ, ಮಳಿ, ಚಿಗರಿ ಕಣ್ಣು, ಎಲ್ಲಾ ಹೊಂದಿಸಿಕೊಂಡ ಬಂದಿದ್ರು, ಮಾಂಸದ ವಿಚಾರ ಮಾಡಿರಲಿಲ್ಲ. ಹುಟ್ಟಿದಾಗಿಂದ ತಿಂದವರಲ್ಲ. ಹೊಡದ ಚಿಗರಿ ಆಮ್ಯಾಲ ಮಾಂಸ ಆಗತೈತಿ ಅನ್ನೂದ ಅವ್ರಿಗೆ ಹೊಳದಿರಲಿಲ್ಲ.

"ಫ್ರೀಜರ್‌ನ್ಯಾಗ ಐತಿ" ಅಂದ್ರು.

ಹಾಲಿನ್ಯಾಗ ಎಲ್ಲಾರ ಕೈ ನಿಂತಲ್ಲೆ ನಿಂತವು. ಚಂದ್ರವ್ವನ ಕೈಯಾಗ ಅರ್ಧಾ ಹೋಳಿಗಿ ಇತ್ತು. ಅದನ್ನ ತಾಟಿನ್ಯಾಗ ಇಟ್ಟು, ಕಾಗದಲೆ ಒಂದೊಂದ ಬೆರಳು ಒರಸಿಕೊಂಡ್ರು. ಯಾವ ಫ್ರೀಜರ್ ಅಂತ ಯಾರೂ ಕೇಳಲಿಲ್ಲ. ಆ ಮನ್ಯಾಗ ಇದ್ದದ್ದು ಒಂದ ಫ್ರೀಜರ್. ಅದರಾಗ ರತ್ನಾಬಾಯಿ ಹೋಳಿಗಿ ಮಾಡಿ ಇಡತಾಳ ಅನ್ನೂದು ಎಲ್ಲಾರಿಗೂ ಗೊತ್ತಿದ್ದ ಮಾತು.

ಮುಂದಿನ ಶನಿವಾರ ಫೋನ್ ಬರಾಕ ಹತ್ತಿದವು. ಒಬ್ಬಾಕಿಗೆ ಜಿಪಿ ಡಾಕ್ಟರು ಜ್ವಾಳ ತಿನ್ನಬ್ಯಾಡ ಅಂದಿದ್ರಂತ. ಇನ್ನೊಬ್ಬಾಕಿ ಮನಿಗೆ ಅತ್ತಿ ಬಂದು, ರೊಟ್ಟಿ ಅತ್ತಿನ ಬಡೀತಾರಂತ. ಮತ್ತೊಬ್ಬಾಕಿ ಗಂಡಗ ರೊಟ್ಟಿ ತಿಂದ್ರ ಹೊಟ್ಟಿ ಉಬ್ಬರತೈತಂತ. ಇಷ್ಟ ವರ್ಷ ಉಬ್ಬರಲಾರದ ಹೊಟ್ಟಿ! ಚಂದ್ರವ್ವ ಫೋನ್ ಸೈತ ಮಾಡಲಿಲ್ಲ. ಬಡದ ರೊಟ್ಟಿ ಹಂಗ ಉಳದವು. ನಮ್ಮ ಎರಡೂ ಮನಿಯವರು ವಾರಗಟ್ಟಲೆ ಅವನ್ನ ಮುರಕೊಂಡ ಮುರಕೊಂಡ ತಿಂದಿವಿ.

ರತ್ನಾಬಾಯಿ ಗಟ್ಟಿ ಮನಸ್ಸು ಮಾಡಿ ಕೆಂಟನ್ನಿಗೆ ಹೋದ್ಲು. ನಾನೂ ಹೋದೆ. ಚಂದ್ರವ್ವ ಬಾಗಲದಾಗನ ನಿಂದರಿಸಿ ಮಾತಾಡಿಸಿದ್ರು.

"ಅವ್ವಾರ, ಅದು ರಬ್ಬರ್ ಚಿಗರಿ. ನಿಮ್ಮಾಣಿ, ನಮ್ಮ ಮನಿಯೊಳಗ ಏನೂ ಬಂದಿಲ್ಲ. ನೀವ ಬಂದು ಫ್ರೀಜರ್ ತಗದ ನೋಡ್ರಿ" ಅಂದ್ಲು ರತ್ನಾಬಾಯಿ.

"ಖಾಲಿ ಇದ್ರ ತಿಂದ ಮುಗಸೀರಿ ಅಂದಂಗಾತಲ್ಲವಾ" ಅಂದ್ರು ಚಂದ್ರವ್ವ, ಭಾಳ ಸಮಾಧಾನಲೆ. "ನಿನ್ನ ಯಾಪಾರ ನೀ ನೋಡಕೋಬೇಕು, ಅದಕ್ಕ ಹಿಂಗ ಹೇಳತಿ. ನಾ ತಪ್ಪ ತಿಳಿಯಂಗಿಲ್ಲ. ಆದ್ರ ಒಬ್ಬ ಗಂಡಸು ಅಷ್ಟ ಮಂದ್ಯಾಗ ಎದ್ದ ನಿಂತು ಸುಳ್ಳ ಯಾಕ ಹೇಳತಾನ?"

ನನಗ ತಡಕೊಳ್ಳಾಕ ಆಗಲಿಲ್ಲ. "ಅಷ್ಟ ಮಂದಿ ಸಿಕ್ಕಾಗ ಗಂಡಸರು ಮತ್ತೇನ ಹೇಳತಾರ್ರೀ?" ಅಂದೆ.

"ನೀ ಆಕಿ ಜೋಡಿ ರೊಟ್ಟಿ ಬಡಿಯಾಕಿ. ನೀ ಬ್ಯಾರೆ ಏನ ಹೇಳತಿ" ಅಂದ್ರು.

ಮನಿಗೆ ಬಂದು ನಮ್ಮವರನ್ನ ಅಟ್ಟಿದೆ. ಅಡವ್ಯಾಗ ಜೋಡಿ ಇದ್ದವರು ಅವ್ರ, ಕಣ್ಣಾರೆ ಕಂಡವರು. ದೋಸ್ತಿ ಬದಿಗಿಟ್ಟ ಹೋಗಿ ಹೇಳಿದ್ರು. ಚಂದ್ರವ್ವ ಎಲ್ಲಾ ಕೇಳಿ, "ನಿಮಗೂ ಒಂದ ತುಣುಕು ಮುಟ್ಟಿಸ್ಯಾನ ಅನಸ್ತೈತಿ" ಅಂತ ಬಾಗಲಾ ಹಾಕಿಕೊಂಡ್ರಂತ. ಮುಗೀತು. ಇನ್ನ ಉಳದದ್ದು ಮಲ್ಲಪ್ಪನವರ ಬಾಯಿ ಒಂದ.

ಆ ಗಂಡ ಹೆಂಡತಿ ರಾಮಾಯಣ ನನಗ ಗ್ವಾಡಿ ಈ ಕಡೆ ಸ್ವಚ್ಛ ಕೇಳತಿತ್ತು.

"ನೀವ ಹೇಳಬೇಕು."

"ಏನಂತ?"

"ರಬ್ಬರ್ ಅಂತ."

"ಹುಚ್ಚಿ ಆದೇನ? ಇಡೀ ಲಂಡನ್ನಿನ ಕನ್ನಡದವರ ಮುಂದ? ನನ್ನ ಮರ್ಯಾದಿ ಏನ ಉಳೀತೈತಿ?"

"ನನ್ನ ರೊಟ್ಟಿ?"

"ರೊಟ್ಟಿ ಎಲ್ಲಿ ಹೋಗತಾವ? ಮಂದಿ ಮರೀತಾರ, ಸುಮ್ಮನಿರ."

ಎರಡ ದಿವಸ ಬಿಟ್ಟು ಮಲ್ಲಪ್ಪನವರು ಒಂದ ಉಪಾಯ ತಗದ್ರು. ಮಾಂಸ ಎಲ್ಲಾ ಕೆನ್‌ಗೆ ಕೊಟ್ಟೆ ಅಂತ ಫೋನಿನ್ಯಾಗ ಒಂದಿಬ್ಬರಿಗೆ ಹೇಳಿದ್ರು. ಚಂದ್ರವ್ವನ ತನಕ ಹೋತು ಸುದ್ದಿ. "ಕೊಡೂ ತನಕ ಎಲ್ಲೆ ಇತ್ತು?" ಅಂತ ಅಲ್ಲಿಂದ ತಿರುಗಿ ಬಂತು.

ಆವಾಗ ರತ್ನಾಬಾಯಿಗೆ ಸಿಟ್ಟ ಬಂತು. ಆಕಿ ಕೂಗಾಡಾಕಿ ಅಲ್ಲ. ಗಂಡನ ತಾಟು, ವಾಟೆ, ಒಂದ ಸಣ್ಣ ಗ್ಯಾಸಿನ ಒಲಿ ತಗೊಂಡ ಹೋಗಿ ಹಿತ್ತಲ ಶೆಡ್ಡಿನ್ಯಾಗ, ಹುಲ್ಲ ಕೊಯ್ಯೂ ಮಷಿನ್ ಮಗ್ಗಲಕ ಇಟ್ಟು ಬಂದ್ಲು.

"ಇದೇನಿದು?" ಅಂದ್ರು ಅವ್ರು.

"ಬ್ಯಾಟಿ ಆಡೂ ಮಂದಿ ನೀವು. ನನ್ನ ಅಡಗಿಮನಿ ಹೊಸ್ತಿಲ ದಾಟಬ್ಯಾಡ್ರಿ. ರಬ್ಬರ್ ಅಂತ ಹೇಳಿ ಬಂದ ದಿವಸ ಒಳಗ ಬರ್ರಿ."

ನೀವು ಅಂದುಕೊಂಡಿರತೀರಿ, ಒಂದ ವಾರದಾಗ ಸೋತಿರಬೇಕು ಅಂತ. ಇಲ್ಲರೀ! ಇಡೀ ಥಂಡಿಗಾಲ ಆ ಮನುಷ್ಯಾ ಶೆಡ್ಡಿನ್ಯಾಗ ಕುಂತು, ಸೋರೂ ತಗಡಿನ ಕೆಳಗ, ಬ್ರೆಡ್ಡಿನ ಮ್ಯಾಲ ಡಬ್ಬಿಯ ಬೀನ್ಸ್ ಸುರಕೊಂಡ ತಿಂದ್ರು. ಒಂದ ಸಲ ಶೆಡ್ಡಿನ್ಯಾಗ ಇಲಿನೂ ಬಂತು, ಹುಲ್ಲಿನ ಮಷಿನ್ ಹತ್ತಿ ನಿಂತಿದ್ರು. ಆದ್ರ ಗಂಡಸರು ಕೂಡಿದಲ್ಲೆ, "ಬ್ಯಾಟಿಗೆ ಹೋಗಿ ಬಂದ್ರ ನಮ್ಮ ಅಜ್ಜನೂ ಹಿಂಗ ಹೊರಗ ಉಣತಿದ್ದ" ಅಂತ ಅದನ್ನೂ ಕತಿಯೊಳಗ ಸೇರಿಸಿಬಿಟ್ರು.

ಚಳಿ ಕಳೀತು, ಗಿರಾಕಿ ತಿರುಗಿ ಬರಲಿಲ್ಲ. ಬಸವ ಜಯಂತಿ ಊಟಾ ಈ ಸಲ ಈಲಿಂಗ್ ರೋಡಿನ ಒಬ್ಬ ಕೇಟರಿಂಗಿನವಗ ಕೊಟ್ಟಾರ ಅನ್ನೂ ಸುದ್ದಿ ಬಂದ ದಿವಸ, ರತ್ನಾಬಾಯಿ ತನ್ನ ರೊಟ್ಟಿ ಹಂಚು ತೊಳದು, ಒರಸಿ, ಅರಿವ್ಯಾಗ ಸುತ್ತಿ ನನ್ನ ಕೈಯಾಗ ಕೊಟ್ಲು. "ನಿನ್ನ ಹಂತ್ಯಾಕ ಇರಲಿ ಸುವರ್ಣಾ. ಇನ್ನ ಅದು ನನ್ನ ಕಣ್ಣಿಗೆ ಬೀಳೂದು ಬ್ಯಾಡ" ಅಂದ್ಲು. ಮರುದಿವಸ ಆ ಹಳದಿ ಏಪ್ರನ್ ಇಸ್ತ್ರಿ ಮಾಡಿಕೊಂಡ ಕೆಲಸಕ್ಕ ಹೋದ್ಲು. ತೊಳಿಯೂ ಕೆಲಸದ ಕಂಪನಿಯವರು ಈ ಸಲ ಆಕಿನ್ನ ಹೀಥ್ರೋಕ್ಕ ಕಳಿಸಲಿಲ್ಲ, ಪಾರ್ಕ್ ರಾಯಲ್ಲಿಗೆ ಕಳಿಸಿದ್ರು. ಅದೂ ಎಲ್ಲಿಗೆ? ಗಂಡ ಸೌತಿಕಾಯಿ ಇಡೂ ಫ್ಯಾಕ್ಟರಿಗೆ. ಆಕಿ ಇದನ್ನ ಗಂಡಗ ಹೇಳಲಿಲ್ಲ. ಮನ್ಯಾಗ ಇಬ್ಬರದೂ ಮಾತ ನಿಂತು ಆಗಲೇ ಭಾಳ ದಿನಾ ಆಗಿತ್ತು.

ಚಾ ಹೊತ್ತಿನ್ಯಾಗ ಕ್ಯಾಂಟೀನಿನ್ಯಾಗ ನಡದದ್ದನ್ನ ನಮ್ಮವರು ಬಂದ ಹೇಳಿದ್ರು. ಆವತ್ತ ಕೆನ್ ರಜಾ ಇದ್ದ, ಅಂದಮ್ಯಾಲ ಮಲ್ಲಪ್ಪನವರಿಗೆ ಬಾಯಿ ಬಂತು. ಹೊಸದಾಗಿ ಸೇರಿದ ತಮಿಳರು, ಗುಜರಾತಿಗಳು ಸುತ್ತ ಕುಂತಾರ. ಇವ್ರು ಪಾಕೀಟಿನಿಂದ ಸಣ್ಣ ಫೋಟೋ ತಗದು ಟೇಬಲ್ ಮ್ಯಾಲ ಇಟ್ಟು, ಇಂಗ್ಲೀಷಿನ್ಯಾಗ ಶುರು ಮಾಡ್ಯಾರ. ಮಳಿ ಬಂತು, ಗಾಳಿ ಬಂತು, ಚಿಗರಿ ಇವ್ರನ್ನ ನೋಡಿತು. ಇವ್ರು ಕೈ ಎತ್ತಿ ಇಲ್ಲದ ಬಿಲ್ಲು ಎಳದ್ರು. ಆವಾಗ ಟೇಬಲ್ ಕೆಳಗ ಒದ್ದಿ ಮಾಪು ಬಂತು.

"ಕಾಲ ಎತ್ರಿ" ಅಂದ್ಲು ರತ್ನಾಬಾಯಿ.

ಮಲ್ಲಪ್ಪನವರು ಕಾಲ ಎತ್ತಿದ್ರು. ಆಕಿ ಕೆಳಗ ಒರಸಿದ್ಲು, ಬಕೀಟಿನ್ಯಾಗ ಮಾಪು ಹಿಂಡಿದ್ಲು, ಮುಂದಿನ ಟೇಬಲಿಗೆ ಹೋದ್ಲು. ಆಕಿ ಯಾರು ಅನ್ನೂದು ಆ ಮಂದಿಗೆ ಏನ ಗೊತ್ತು. "ಆಮ್ಯಾಲ ಏನಾತು ಅಂಕಲ್?" ಅಂತ ಒಬ್ಬ ಕೇಳಿದ. ಮಲ್ಲಪ್ಪನವರು ಎತ್ತಿದ ಕಾಲು ಇಳಿಸೂದನ್ನ ಮರತಿದ್ರಂತ. ಇದನ್ನ ಕೇಳಿ ನನಗ ದುಃಖಕ್ಕಲ್ಲ, ಸಿಟ್ಟಿಗೆ ಅಳು ಬಂತು. ಕೈಯಾಗ ಅಂಥಾ ವಿದ್ಯಾ ಇದ್ದಾಕಿ, ಯಾರದೋ ಬೂಟಿನ ರಾಡಿ ಒರಸೂದು, ಯಾಕಪಾ ಅಂದ್ರ ಒಬ್ಬರಿಗೆ ಭಲೇ ಅನಿಸಿಕೊಳ್ಳೂ ಚಟಾ!

ಬಸವ ಜಯಂತಿ ದಿವಸ ಮುಂಜಾನೆ ಮಲ್ಲಪ್ಪನವರು ನಮ್ಮ ಬಾಗಲಾ ಬಡದ್ರು. ಹೊರಗ ಧೋ ಅಂತ ಮಳಿ.

"ತಂಗಿ, ಕಾರ್ ಬೇಕಾಗಿತ್ತು. ಹೇರ್‌ಫೀಲ್ಡಿಗೆ ಹೋಗಬೇಕು. ಕ್ಲಬ್ಬಿನವರು ಹಳೇ ಚಿಗರಿ ತಗದ ಒಗ್ಯಾರಂತ, ಕೆನ್ ಒಯ್ಯಿ ಅಂದಾನ. ಹಾಲಿಗೆ ತಂದು ತೋರಸತೀನಿ."

"ಯಾಕ್ರೀ, ಬಾಯಿಲೆ ಹೇಳಾಕ ಬರಂಗಿಲ್ಲೇನು?"

"ಬಾಯಿಲೆ ಹೇಳಿದ್ರ ಈಗ ಯಾರ ನಂಬತಾರ? ಹೆಂಡತಿ ಮನ್ಯಾಗ ಕರಕೊಳ್ಳಲಿ ಅಂತ ಹೇಳತಾನ ಅಂತಾರ."

ಆ ಮಾತ ಖರೇ ಇತ್ತು. ನಮ್ಮವರು ಕೀಲಿ ತರಾಕ ಒಳಗ ಹೊಂಟಿದ್ರು. ನಾ ಅಡ್ಡ ನಿಂತೆ. "ಕಾರ್ ಕೊಡಂಗಿಲ್ಲ. ಬ್ಯಾಟಿ ಆಡಿದವರು ಬ್ಯಾಟಿ ಹೊತ್ಕೊಂಡ ಬರಬೇಕ್ರಿ. ನಿಮ್ಮ ಅಜ್ಜ ಕಾರಿನ್ಯಾಗ ತರತಿದ್ರೇನು?" ಅಂದೆ. ಅಂದದ್ದಕ್ಕ ನನಗ ಇವತ್ತಿಗೂ ಒಂದ ಚೂರೂ ಬ್ಯಾಸರಿಲ್ಲ.

ಹೋದ್ರು. ಹೇರ್‌ಫೀಲ್ಡಿನ ಅಡವಿಯಿಂದ ಚಿಗರಿ ಹೆಗಲ ಮ್ಯಾಲ ಹೊತ್ತು, ರಾಡ್ಯಾಗ ನಡಕೊಂಡ ಬಸ್ ಸ್ಟಾಪಿಗೆ ಬಂದ್ರು. ನಾಯಿಗೆ ಟಿಕೆಟ್ ಇಲ್ಲ, ಇದಕ್ಕ ಐತೋ ಇಲ್ಲೋ ಅಂತ ಡ್ರೈವರ್ ತಲಿ ಕೆರಕೊಂಡನಂತ. ಅಕ್ಸ್‌ಬ್ರಿಜ್ಜಿನ್ಯಾಗ ಮೆಟ್ರೋಪಾಲಿಟನ್ ಲೈನ್ ಹತ್ತಿದ್ರು. ಟ್ಯೂಬ್ ರೈಲಿನ ಮಂದಿ ಗೊತ್ತಲ್ಲ, ಆನಿ ಹತ್ತಿದ್ರೂ ಪೇಪರ್ ಓದೂ ಮಂದಿ. ಒಬ್ಬ ಮುದುಕಿ ಮಾತ್ರ ಚಿಗರಿ ಗದ್ದ ಸವರಿ, ಇದರ ಹೆಸರೇನಪಾ ಅಂತ ಕೇಳಿದ್ಲಂತ. ವೆಂಬ್ಲಿ ಪಾರ್ಕಿನ್ಯಾಗ ಇಳದ್ರ ಗೇಟಿನ್ಯಾಗ ಕೋಡು ಸಿಕ್ಕೊಂಡ ಒಂದ ಮುರೀತು. ಅಲ್ಲಿಂದ ಹಾಲಿನ ತನಕ ಮಳ್ಯಾಗ ನಡಿಗಿ.

ಹಾಲಿನ್ಯಾಗ ಬಸವಣ್ಣನ ಫೋಟೋಕ್ಕ ಹಾರ ಹಾಕಿ, ವಚನ ಹಾಡಿ, ಊಟಕ್ಕ ಎಲ್ಲಾರೂ ಗ್ವಾಡಿಗುಂಟ ಕುರ್ಚಿ ಹಾಕಿಕೊಂಡ ಕುಂತಿದ್ರು. ಕೇಟರಿಂಗಿನವನ ಪೂರಿ ಥಣ್ಣಗ ಆಗಿ ಚಪ್ಪಲಿ ಅಟ್ಟಿ ಹಂಗ ಆಗಿದ್ವು. ರತ್ನಾಬಾಯಿ ಬರಂಗಿಲ್ಲ ಅಂದಾಕಿನ್ನ ನಾನ ಎಳಕೊಂಡ ಬಂದಿದ್ದೆ, ಕಡೀ ಕುರ್ಚಿಯೊಳಗ ತಲಿ ತಗ್ಗಿಸಿ ಕುಂತಿದ್ಲು. ಆವಾಗ ಬಾಗಲಾ ತಗೀತು. ತಲಿಯಿಂದ ಅಂಗಾಲ ತನಕ ತೊಯ್ದ ಮಲ್ಲಪ್ಪನವರು, ಹೆಗಲ ಮ್ಯಾಲ ಒಂಟಿಕೋಡಿನ ಚಿಗರಿ. ನಡುಹಾಲಿನ್ಯಾಗ ತಂದು ದೊಪ್ಪಂತ ಇಟ್ರು. ಅದರ ಮೈಯೊಳಗಿನ ತೂತಿನಿಂದೆಲ್ಲಾ ನೀರು ಸುರದು ನೆಲದ ಮ್ಯಾಲ ಹರೀತು.

"ಇದ ನೋಡ್ರಿ ನಾ ಹೊಡದ ಚಿಗರಿ. ರಬ್ಬರ್. ಮಳ್ಯಾಗ ಕಾಲ ಜಾರಿ ಬೀಳೂ ಮುಂದ ಬಾಣಾ ತಾನ ಹೋತು. ಕುಂಡಿಗೆ ಬಡೀತು, ಇಗಾ ತೂತು." ಅಂತ ತೂತಿನ್ಯಾಗ ಬೆರಳ ಇಟ್ಟ ತೋರಿಸಿದ್ರು. "ನಮ್ಮ ಮನಿ ಫ್ರೀಜರ್‌ನ್ಯಾಗ ಹೋಳಿಗಿ ಬಿಟ್ರ ಏನೂ ಇದ್ದಿದ್ದಿಲ್ಲ. ನಮ್ಮ ಅಜ್ಜ ಬಿಲ್ಲ ಹಿಡದಾಂವ ಅಲ್ಲ, ಅರಿವಿ ಅಳೀತಿದ್ದ. ನಾ ಹೇಳಿದ್ದೆಲ್ಲಾ ಸುಳ್ಳು."

ಆವಾಗ ಹಾಲಿನ್ಯಾಗ ನಗಿ ಎದ್ದಿತು ನೋಡ್ರಿ! ಭಲೇ ಅಂದ ಗಂಡಸರು ಹೊಟ್ಟಿ ಹಿಡಕೊಂಡ ನಕ್ರು. "ಇದ್ರ ಸಾರು ಬೇಯುದಿಲ್ಲ ಮಾರ್ರೆ" ಅಂದ ಸಂಪತ್. ಮಲ್ಲಪ್ಪನವರು ನಡುವ ನಿಂತು ಅಷ್ಟೂ ನಗಿ ಉಂಡ್ರು. ಚಂದ್ರವ್ವ ಮಾತ್ರ ನಗಲಿಲ್ಲ. ಎದ್ದು ಬಂದು, ಪರ್ಸಿನಿಂದ ಭೂತಗನ್ನಡಿ ತಗದು, ಚಿಗರಿ ಬೆನ್ನು, ಹೊಟ್ಟಿ, ಕಿವಿ ಎಲ್ಲಾ ನೋಡಿದ್ರು. ಬೆರಳಿಲೆ ಒತ್ತಿದ್ರು.

"ರಬ್ಬರ್ ಐತಿ" ಅಂತ ತೀರ್ಪು ಕೊಟ್ರು. ತಿರುಗಿ ನಿಂತು, ಏನೂ ಆಗೇ ಇಲ್ಲ ಅನ್ನೂವಂಗ, "ರತ್ನಾ, ಶನಿವಾರ ಎಂದಿನಂಗ ರೊಟ್ಟಿ ಕಳಸವಾ. ಹೋಳಿಗಿನೂ ಇರಲಿ" ಅಂದು ಹೋಗಿ ತಮ್ಮ ಕುರ್ಚಿಯೊಳಗ ಕುಂತ್ರು.

ಅಷ್ಟ ಸಾಕಾತು. "ನಮಗೂ, ನಮಗೂ" ಅಂತ ಹೆಣ್ಣಮಕ್ಕಳು ರತ್ನಾಬಾಯಿ ಕುರ್ಚಿ ಸುತ್ತಗಟ್ಟಿದ್ರು. ಜಿಪಿ ಜ್ವಾಳ ಬ್ಯಾಡ ಅಂದಾಕಿ ಎಲ್ಲಾರಿಗಿಂತ ಮುಂದ. ರತ್ನಾಬಾಯಿ ಎದ್ದ ನಿಂತ್ಲು. ಆಕಿ ದನಿ ಸಣ್ಣದು, ಆದ್ರೂ ಆವತ್ತ ಕಡೀತನಕ ಕೇಳಿಸಿತು.

"ಅವ್ವಾರ, ಇಷ್ಟ ವರ್ಷ ನನ್ನ ಕೈ ರೊಟ್ಟಿ ತಿಂದ್ರಿ. ನಿಮ್ಮ ಬಾಗಲದಾಗ ನಿಂತು, ನಿಮ್ಮ ಆಣಿ ಮಾಡಿ ರಬ್ಬರ್ ಅಂತ ಹೇಳಿದೆ, ನಂಬಲಿಲ್ಲ. ಇವತ್ತ ರಬ್ಬರ್ ತಾನ ಬಂದ ಹೇಳಿದಮ್ಯಾಲ ನಂಬಿದ್ರಿ. ರೊಟ್ಟಿನೂ ಅದರ ಕಡೆನ ಬಡಸಿಕೊಳ್ರಿ."

ಮುಂದ ಆಕಿ ರೊಟ್ಟಿ ಶುರು ಮಾಡಿದ್ಲು ಬಿಡ್ರಿ, ನನ್ನ ಕಡೆಯಿಂದ ಹಂಚು ಇಸಕೊಂಡು, ಆದ್ರ ಎಲ್ಲಾರನ್ನೂ ಚಂದಂಗ ಕಾಯಿಸಿ, ಮನಿಗೆ ಬಂದ ಕೇಳಿದ ಮ್ಯಾಲ. ಮಲ್ಲಪ್ಪನವರನ್ನೂ ಒಳಗ ಕರಕೊಂಡ್ಲು. ಅದು ಆಮ್ಯಾಲಿನ ಮಾತು. ಆವತ್ತ ಆ ಹಾಲಿನ್ಯಾಗ ಚಿಗರಿಯಿಂದ ಹರದ ನೀರು ಕುರ್ಚಿ ಕಾಲಿನ ತನಕ ಬಂದಿತ್ತು, ಅಲ್ಲಿದ್ದ ಸಣ್ಣ ಹುಡುಗ್ರು ಜಾರಿ ಬೀಳೂ ಹಂಗಾಗಿತ್ತು. ರತ್ನಾಬಾಯಿ ಮೂಲಿ ಕಡೆ ನೋಡಿದ್ಲು. ಅಲ್ಲೆ ಹಾಲಿನವರ ಮಾಪು, ಬಕೀಟು ಇದ್ವು. ಆಕಿ ಹೆಜ್ಜಿ ಇಡೂಕಿಂತ ಮೊದಲ ಮಲ್ಲಪ್ಪನವರು ಹೋಗಿ ಮಾಪು ತಗೊಂಡ್ರು. ತೊಯ್ದ ಅರಿವ್ಯಾಗನ, ಬಗ್ಗಿ, ಬಾಗಲದಿಂದ ಒರಸಿಕೋತ ಬಂದ್ರು. ಒರಸಿಕೋತ ಚಂದ್ರವ್ವನ ಕುರ್ಚಿ ಮುಂದ ಬಂದ ನಿಂತ್ರು.

"ಕಾಲ ಎತ್ರಿ, ಅವ್ವಾರ" ಅಂದ್ರು.

ಚಂದ್ರವ್ವ ರತ್ನಾಬಾಯಿ ಕಡೆ ನೋಡಿದ್ರು. ಆಕಿ ಅವ್ರ ಮ್ಯಾಲಿಂದ ಕಣ್ಣ ತಗೀಲಿಲ್ಲ. ಚಂದ್ರವ್ವ ಸೀರಿ ನಿರಗಿ ಹಿಡಕೊಂಡ ಎರಡೂ ಕಾಲ ಎತ್ತಿದ್ರು. ಅವ್ರ ಮಗ್ಗಲದವರು ಎತ್ತಿದ್ರು. ಆಮ್ಯಾಲ ಇಡೀ ಸಾಲ ಎತ್ತಿತು.